ಮಲಗಿದವನ ಕಣ್ಣಿಗೆ ಕಂಡ ಕೋಣೆ

ಕೋಣೆಯೊಂದರ ಗುಣದೋಷಗಳನ್ನು ನಾವು ಸಾಮಾನ್ಯವಾಗಿ ನಿರ್ಣಯಿಸುವುದು ಹೊಸ್ತಿಲಲ್ಲಿ ನಿಂತು. ಬಾಗಿಲು ತೆರೆದೊಡನೆ ಎದುರಾಗುವ ಗೋಡೆಯ ಬಣ್ಣ, ಕಿಟಕಿಗೆ ಇಳಿಬಿಟ್ಟ ಪರದೆ, ನೆಲದ ನುಣುಪು, ಪೀಠೋಪಕರಣಗಳ ಜೋಡಣೆ ಇವೆಲ್ಲವೂ ನಿಂತವನ ಕಣ್ಣಿನ ಎತ್ತರಕ್ಕೆ ಹೊಂದಿ, ಒಂದೆರಡು ನಿಮಿಷಗಳ ನೋಟಕ್ಕೆ ಹಿತವಾಗಿ ತೋರಿದರೆ, ಕೋಣೆ ಸೊಗಸಾಗಿದೆಯೆಂದು ಹೇಳಿ ಮುಂದಕ್ಕೆ ನಡೆಯುತ್ತೇವೆ. ಗೃಹಪ್ರವೇಶಕ್ಕೆ ಬಂದ ಅತಿಥಿಗಳು ಮಾಡುವುದೂ ಇದನ್ನೇ. ಬಹುಮಟ್ಟಿಗೆ ಮನೆಯ ಒಳಾಂಗಣವನ್ನು ವಿನ್ಯಾಸಗೊಳಿಸುವವರು ಮಾಡುವುದೂ ಇದನ್ನೇ. ಆದರೆ ಕೋಣೆಯ ನಿಜವಾದ ಪರೀಕ್ಷಕನು ಅದರೊಳಗೆ ಹಗಲಿರುಳು ಉಳಿಯಬೇಕಾದವನು. ಹಾಗೆ ಉಳಿಯುವವರಲ್ಲಿಯೂ, ಬಿಸಿಲು ಕಣ್ಣಿಗೆ ಚುಚ್ಚಿದರೆ ಎದ್ದು ಪರದೆ ಎಳೆಯಲಾರದೆ, ಗಾಳಿ ಹೆಚ್ಚಾದರೆ ಕುರ್ಚಿಯನ್ನು ಸರಿಸಿಕೊಳ್ಳಲಾರದೆ, ಶಬ್ದ ಅಸಹನೀಯವಾದರೆ ಬೇರೊಂದು ಕಡೆಗೆ ಹೋಗಲಾರದೆ, ವಾಸ್ತುಶಿಲ್ಪಿಯೂ ಬಡಗಿಯೂ ಬಣ್ಣಗಾರನೂ ತನಗೆ ಏನನ್ನು ವಿಧಿಸಿರುವರೋ ಅದನ್ನೆಲ್ಲ ಹಾಸಿಗೆಯ ಮೇಲೆ ಬೆನ್ನೂರಿ ಅನುಭವಿಸಬೇಕಾದ ರೋಗಿಯೇ ಅತ್ಯಂತ ಕಠಿಣನಾದ ಪರೀಕ್ಷಕನು. ಒಳಾಂಗಣವು ಮನುಷ್ಯನ ದೇಹಮನಸ್ಸುಗಳ ಮೇಲೆ ಬೀರುವ ಪರಿಣಾಮವನ್ನು ಅರಿಯಬೇಕೆನ್ನುವವನು ಅರಮನೆಯ ದರ್ಬಾರು ಹಾಲಿಗೆ ಹೋಗುವುದಕ್ಕಿಂತ ಮೊದಲು ರೋಗಿಯ ಕೋಣೆಗೆ ಹೋಗುವುದು ಉಚಿತ.

ಈ ಮಾತನ್ನು ಮೊಟ್ಟಮೊದಲು ಸ್ಪಷ್ಟವಾಗಿ ಕಂಡು ಬರೆದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರೊಬ್ಬರು. 1854ರಲ್ಲಿ ಕ್ರಿಮಿಯ ಯುದ್ಧದ ಗಾಯಾಳುಗಳ ಶುಶ್ರೂಷೆಗೆಂದು ಸ್ಕುಟಾರಿಗೆ ಹೋದ ಆ ಮಹಾತಾಯಿ, ಮರುವರ್ಷ ತಾವೇ ಜ್ವರಪೀಡಿತರಾಗಿ ಮಲಗಿದ್ದಾಗ ಯಾರೋ ಕಳುಹಿಸಿದ ಕಾಡುಹೂಗಳ ಗೊಂಚಲೊಂದನ್ನು ಕಂಡ ಕ್ಷಣದಿಂದ ತಮ್ಮ ಚೇತರಿಕೆ ವೇಗಗೊಂಡಿತೆಂದು ನೆನೆದಿದ್ದಾರೆ. ಕಿಟಕಿಯ ಹೊರಗೆ ನೋಡಲಾಗದೆ ಗುಡಿಸಲಿನ ಹಲಗೆಗಳ ಗಂಟುಗಳನ್ನೇ ದಿಟ್ಟಿಸುತ್ತ ಮಲಗಿದ ಜ್ವರದ ರೋಗಿಯ ಸಂಕಟವನ್ನು ಅವರು 1859ರ ತಮ್ಮ ಶುಶ್ರೂಷಾ ಗ್ರಂಥದಲ್ಲಿ ವರ್ಣಿಸುವಾಗ, ಬಣ್ಣ, ಬೆಳಕು, ನೋಟದ ವೈವಿಧ್ಯ ಇವುಗಳ ಪ್ರಭಾವ ಮನಸ್ಸಿಗೆ ಮಾತ್ರ ಸಂಬಂಧಿಸಿದುದೆಂಬ ಜನರ ಮಾತನ್ನು ನೇರವಾಗಿ ನಿರಾಕರಿಸಿ, ಅದು ಶರೀರವನ್ನೂ ತಟ್ಟುವುದೆಂದು ಸಾಧಿಸುತ್ತಾರೆ. ಹೇಗೆ ತಟ್ಟುವುದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಆದರೆ ಹಾಸಿಗೆಯ ಬಳಿಯಲ್ಲಿ ರಾತ್ರಿಗಳನ್ನು ಕಳೆದವರ ಸಾಕ್ಷ್ಯವಾದುದರಿಂದ ಆ ಮಾತಿಗೆ ತೂಕವಿತ್ತು.

ಅಲ್ಲಿಂದ ಮುಂದೆ ಎಪ್ಪತ್ತು ವರ್ಷಗಳ ತರುವಾಯ, ಅದೇ ಸಾಕ್ಷ್ಯವನ್ನು ಸುಣ್ಣಬಣ್ಣಗಳಲ್ಲಿ, ಮರದಲ್ಲಿ, ಪಿಂಗಾಣಿಯಲ್ಲಿ ಮೂರ್ತಗೊಳಿಸಿದ ಕಟ್ಟಡವೊಂದು ಫಿನ್‌ಲೆಂಡ್ ದೇಶದ ನೈಋತ್ಯ ಭಾಗದಲ್ಲಿ, ಟುರ್ಕು ನಗರಕ್ಕೆ ಸಮೀಪದ ಪೈಮಿಯೊ ಎಂಬಲ್ಲಿ, ಪೈನ್ ಮರಗಳ ಕಾಡಿನ ನಡುವೆ ಮೇಲೆದ್ದಿತು. ಅದು ಕ್ಷಯರೋಗಿಗಳ ಆರೋಗ್ಯಧಾಮ. ಕ್ಷಯಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಖ್ ಅವರು 1882ರಲ್ಲಿಯೇ ಕಂಡುಹಿಡಿದಿದ್ದರೂ, ಅದನ್ನು ಕೊಲ್ಲುವ ಔಷಧ ಇನ್ನೂ ದೊರೆತಿರಲಿಲ್ಲ. ನಿರ್ಮಲವಾದ ಗಾಳಿ, ಬಿಸಿಲು, ಪುಷ್ಟಿಯಾದ ಆಹಾರ, ಮತ್ತು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ವಿಶ್ರಾಂತಿ, ಇಷ್ಟೇ ಆಗಿನ ಚಿಕಿತ್ಸೆ. ನಮ್ಮ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಹೊತ್ತು ನಿಂತ ಕ್ಷಯರೋಗಾಸ್ಪತ್ರೆಯೂ ಇದೇ ಯುಗದ, ಇದೇ ನಂಬಿಕೆಯ ಸಂತಾನ. ಔಷಧವಿಲ್ಲದಾಗ ಕಟ್ಟಡವೇ ಔಷಧದ ಸ್ಥಾನದಲ್ಲಿ ನಿಲ್ಲಬೇಕಾಯಿತು. ಪೈಮಿಯೊ ಆರೋಗ್ಯಧಾಮದ ಸ್ಪರ್ಧೆಯನ್ನು 1929ರಲ್ಲಿ ಗೆದ್ದ ಅಲ್ವಾರ್ ಆಲ್ಟೊ ಎಂಬ ಮೂವತ್ತರ ಆಸುಪಾಸಿನ ತರುಣ ವಾಸ್ತುಶಿಲ್ಪಿ, ತಮ್ಮ ಪತ್ನಿಯೂ ವೃತ್ತಿಯಲ್ಲಿ ಸಹಭಾಗಿನಿಯೂ ಆಗಿದ್ದ ಐನೊ ಆಲ್ಟೊ ಅವರೊಡನೆ, ಈ ಹೊಣೆಯನ್ನು ಅಕ್ಷರಶಃ ಸ್ವೀಕರಿಸಿದರು. 1933ರಲ್ಲಿ ಕಟ್ಟಡ ರೋಗಿಗಳಿಗೆ ತೆರೆಯಿತು.

ಆಲ್ಟೊ ಅವರು ತಾವೇ ಒಮ್ಮೆ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಮಲಗಬೇಕಾಗಿ ಬಂದು, ಸಾಧಾರಣವಾದ ಕೋಣೆಗಳೆಲ್ಲವೂ ನೆಟ್ಟಗೆ ನಿಂತ ಮನುಷ್ಯನಿಗಾಗಿ ಆಗಿರುವುವೆಂಬುದನ್ನೂ, ಅಡ್ಡಲಾಗಿ ಮಲಗಿದವನಿಗೆ ಅದೇ ಕೋಣೆ ಬೇರೆಯೇ ಒಂದು ಲೋಕವಾಗಿ ಪರಿಣಮಿಸುವುದೆಂಬುದನ್ನೂ ಮನಗಂಡರೆಂದು ಹೇಳಿಕೊಂಡಿದ್ದಾರೆ. ನಿಂತವನಿಗೆ ಗೋಡೆಯಿರುವ ಕಡೆಯಲ್ಲಿ ಮಲಗಿದವನಿಗೆ ಚಾವಣಿಯಿದೆ. ನಾವು ಕೋಣೆಯ ನಾಲ್ಕು ಗೋಡೆಗಳಿಗೆ ಬಣ್ಣವನ್ನು ಆರಿಸುವುದಕ್ಕೆ ವಾರಗಟ್ಟಲೆ ಚರ್ಚೆ ಮಾಡಿ, ಚಾವಣಿಯ ಪ್ರಶ್ನೆ ಬಂದಾಗ ಎರಡನೆಯ ಮಾತಿಲ್ಲದೆ ಬಿಳಿಯ ಸುಣ್ಣವನ್ನು ಬಳಿಸಿ, ಅದರ ನಟ್ಟನಡುವೆ ಅತ್ಯಂತ ಪ್ರಖರವಾದ ದೀಪವನ್ನು ತೂಗಿಬಿಡುವುದಷ್ಟೆ. ಆರೋಗ್ಯವಂತನಿಗೆ ಇದರಿಂದ ಬಾಧೆಯಿಲ್ಲ. ಅವನು ದೀಪವನ್ನು ನೋಡುವುದೇ ಅಪರೂಪ. ಮಲಗಿದವನಾದರೋ ಕಣ್ಣು ತೆರೆದಷ್ಟು ಹೊತ್ತೂ ಅದನ್ನೇ ನೋಡಬೇಕು. ಕಣ್ಣಿನ ಪಾಪೆ ಎದುರಿನ ಪ್ರಖರತೆಗೆ ಹೊಂದಿಕೊಂಡು ಕುಗ್ಗುವುದು, ಸುತ್ತಲಿನ ವಸ್ತುಗಳು ಮಬ್ಬಾಗುವುವು, ಹಣೆ ಕಣ್ಣುಗಳ ಸ್ನಾಯುಗಳು ಬಿಗಿಯುವುವು. ವೃದ್ಧರ ಕಣ್ಣಿನ ಮಸೂರ ಕಾಲಕ್ರಮದಲ್ಲಿ ಹಳದಿಗಟ್ಟಿ ಕದಡಿರುವುದರಿಂದ ಒಳಹೊಕ್ಕ ಬೆಳಕು ಅದರಲ್ಲಿ ಚದರಿ, ಕೋರೈಸುವ ಬಾಧೆ ಇನ್ನೂ ಹೆಚ್ಚಾಗುವುದು. ಪೈಮಿಯೊದ ಕೋಣೆಯಲ್ಲಿ ಚಾವಣಿಗೆ ಶಾಂತವಾದ, ಕೊಂಚ ಗಾಢವಾದ ಹಸಿರು ಬಣ್ಣವನ್ನು ಬಳಿದು, ಗೋಡೆಗಳನ್ನು ಅದಕ್ಕಿಂತ ತಿಳಿಯಾಗಿರಿಸಿ, ದೀಪವನ್ನು ಮಲಗಿದವನ ದೃಷ್ಟಿರೇಖೆಯಿಂದಾಚೆಗೆ ಇರಿಸಿದುದು ಈ ಕಾರಣದಿಂದಲೇ.

ಶಾಖದ ವಿಷಯದಲ್ಲಿ ಅವರು ತೋರಿದ ವಿವೇಚನೆ ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದುದು. ಅದರಿಂದ ನಾವು ಕಲಿಯಬೇಕಾದುದೂ ಹೆಚ್ಚು. ಕೋಣೆಯ ಉಷ್ಣತೆಯೆಂದರೆ ಗಾಳಿಯ ಉಷ್ಣತೆ, ಅದನ್ನು ಉಷ್ಣಮಾಪಕದಿಂದ ಅಳೆದರಾಯಿತು ಎಂದು ನಾವು ಭಾವಿಸುತ್ತೇವೆ. ಆದರೆ ವಿಶ್ರಾಂತಿಯಲ್ಲಿರುವ ದೇಹ ಹೊರಸೂಸುವ ಸುಮಾರು 100 ವ್ಯಾಟ್ ಶಾಖದಲ್ಲಿ ಬಹುಭಾಗ, ಅನೇಕ ಸಂದರ್ಭಗಳಲ್ಲಿ ಅರ್ಧದಷ್ಟು, ಗಾಳಿಯ ಮಧ್ಯಸ್ಥಿಕೆಯಿಲ್ಲದೆ ಸುತ್ತಲಿನ ಮೈಗಳಿಗೆ ವಿಕಿರಣರೂಪದಲ್ಲಿ ಹರಿಯುತ್ತದೆ. ಚರ್ಮದ ಉಷ್ಣತೆ ಸುಮಾರು 33 ಅಥವಾ 34 ಡಿಗ್ರಿ ಸೆಲ್ಸಿಯಸ್. ಎದುರಿನ ಗೋಡೆ ಅದಕ್ಕಿಂತ ತಣ್ಣಗಿದ್ದರೆ ದೇಹ ಶಾಖವನ್ನು ಅದಕ್ಕೆ ಕೊಡುವುದು, ಬೆಚ್ಚಗಿದ್ದರೆ ಅದರಿಂದ ಪಡೆಯುವುದು. ಗಾಳಿ ಹಿತವಾಗಿಯೇ ಇರುವ ಕೋಣೆಯಲ್ಲಿ ಒಬ್ಬನು ನಡುಗುವುದಕ್ಕೂ ಇನ್ನೊಬ್ಬನು ಬೆವರುವುದಕ್ಕೂ ಬಹುಸಲ ಕಾರಣ ಅವರವರ ಮೈಗೆ ಎದುರಾದ ಗೋಡೆ, ಗಾಜು, ಚಾವಣಿಗಳೇ ಆಗಿರುತ್ತವೆ. ಇದನ್ನರಿತ ಆಲ್ಟೊ ಅವರು ಚಾವಣಿಯಿಂದ ಇಳಿಯುವ ಶಾಖವು ರೋಗಿಯ ತಲೆಯ ಮೇಲೆ ಬೀಳದೆ ಪಾದಗಳ ಕಡೆಗೆ ಬೀಳುವಂತೆ ವ್ಯವಸ್ಥೆಗೊಳಿಸಿದರು. ಹೊರಗಿನ ಚಳಿಗಾಳಿ ಎರಡು ಗಾಜಿನ ಪದರಗಳ ನಡುವೆ ಓರೆಯಾಗಿ ಹಾದು, ತುಸು ಬೆಚ್ಚಗಾಗಿ ಒಳಬರುವಂತೆ ಕಿಟಕಿಯನ್ನು ರಚಿಸಿದರು.

ಫಿನ್‌ಲೆಂಡಿನ ಚಳಿಗೆ ಹೇಳಿದ ಈ ಮಾತು ನಮ್ಮ ಬಿಸಿಲಿಗೂ ಅಷ್ಟೇ ಅನ್ವಯಿಸುವುದೆಂಬುದನ್ನು ರಾಯಚೂರಿನಲ್ಲಿಯೋ ಕಲಬುರಗಿಯಲ್ಲಿಯೋ ವೈಶಾಖದ ರಾತ್ರಿ ಕಾಂಕ್ರೀಟು ತಾರಸಿಯ ಕೆಳಗೆ ಮಲಗಿದವರಾರಿಗೂ ವಿವರಿಸಬೇಕಾಗಿಲ್ಲ. ನಾಲ್ಕೈದು ಅಂಗುಲ ದಪ್ಪದ ತಾರಸಿ ಹಗಲೆಲ್ಲ ಕುಡಿದ ಬಿಸಿಲನ್ನು ಕೆಲವು ಗಂಟೆಗಳ ವಿಳಂಬದಿಂದ ತನ್ನ ಒಳಮೈಗೆ ತಲಪಿಸುತ್ತದೆ. ಹೊರಗೆ ಗಾಳಿ ತಂಪಾಗುವ ಹೊತ್ತಿಗೆ ಸರಿಯಾಗಿ ಒಳಗೆ ಚಾವಣಿ ಕಾವಲಿಯಂತೆ ಕಾದು, ಮಲಗಿದವನ ಮುಖ, ಎದೆ, ಹೊಟ್ಟೆಗಳ ಮೇಲೆ ನೇರವಾಗಿ ಶಾಖವನ್ನು ಸುರಿಯುತ್ತದೆ. ನಿಂತವನ ನೆತ್ತಿ ಮತ್ತು ಭುಜಗಳಷ್ಟೇ ಚಾವಣಿಗೆ ಎದುರಾಗಿರುತ್ತವೆ; ಮಲಗಿದವನ ಶರೀರದ ಮುಂಭಾಗವೆಲ್ಲವೂ ಅದಕ್ಕೆ ಒಡ್ಡಿಕೊಂಡಿರುತ್ತದೆ. ಫ್ಯಾನು ಬೆವರನ್ನು ಆರಿಸಿ ಉಪಕಾರ ಮಾಡುವುದು ನಿಜವಾದರೂ, ವಿಕಿರಣವನ್ನು ತಡೆಯುವ ಶಕ್ತಿ ಗಾಳಿಗೆ ಇಲ್ಲ. ಬಯಲುಸೀಮೆಯ ಹಳೆಯ ಮನೆಗಳ ದಪ್ಪನಾದ ಮಣ್ಣಿನ ಮಾಳಿಗೆಯೂ, ಮಲೆನಾಡಿನಲ್ಲಿ ಹೆಂಚಿಗೂ ಕೋಣೆಗೂ ನಡುವೆ ಹಾಕುತ್ತಿದ್ದ ಹಲಗೆಯ ಮುಚ್ಚಿಗೆಯೂ, ಬಿಸಿಲಿನಲ್ಲಿ ಕಾದ ಮೈ ಮಲಗುವವನಿಗೆ ನೇರವಾಗಿ ಎದುರಾಗದಂತೆ ಮಾಡುತ್ತಿದ್ದುವು. ಅವನ್ನು ಕಿತ್ತು ತಾರಸಿ ಹಾಕಿಸಿದವರು ಸೋರಿಕೆಯಿಂದ, ಹುಳುಹುಪ್ಪಟೆಗಳಿಂದ ಪಾರಾದರೆಂಬುದೂ ಸತ್ಯವೇ; ಆದುದರಿಂದ ಹಳೆಯದಕ್ಕೆ ಹಿಂದಿರುಗಬೇಕೆಂದು ನಾನು ವಾದಿಸುವುದಿಲ್ಲ. ತಾರಸಿಯ ಮೇಲ್ಮೈಗೆ ಬೇಸಗೆಗೆ ಮುಂಚೆ ದಪ್ಪನಾಗಿ ಬಿಳಿಯ ಸುಣ್ಣ ಬಳಿಸಿದರೆ ಬಿಸಿಲಿನ ಗಣನೀಯ ಭಾಗ ಹಿಂದಕ್ಕೆ ಚಿಮ್ಮಿಹೋಗುತ್ತದೆ. ಒಳಗೆ ಎಷ್ಟು ಬೆಲೆಯ ಬಣ್ಣ ಬಳಿಸಿದರೂ ಅದರಿಂದ ಬಾರದ ಹಿತ ಇದರಿಂದ ಬರುತ್ತದೆ.

ಶಬ್ದಕ್ಕೆ ಬರೋಣ. ಪೈಮಿಯೊದಲ್ಲಿ ಇಬ್ಬರು ರೋಗಿಗಳಿಗೆ ಒಂದು ಕೋಣೆ, ಆದರೆ ಪ್ರತಿಯೊಬ್ಬರಿಗೂ ಪ್ರತ್ಯೇಕವಾದ ಬೇಸಿನ್ನು. ಒಬ್ಬನು ರಾತ್ರಿಯಲ್ಲಿ ಎದ್ದು ಕೈ ತೊಳೆದರೆ ಇನ್ನೊಬ್ಬನ ನಿದ್ದೆ ಕೆಡಬಾರದೆಂದು, ನಲ್ಲಿಯ ನೀರು ಪಿಂಗಾಣಿಯ ಮೇಲೆ ನೇರವಾಗಿ ಬೀಳದೆ ಓರೆಯಾಗಿ ತಾಗಿ ಜಾರಿಹೋಗುವಂತೆ ಅದರ ಒಳಮೈಯನ್ನು ಇಳಿಜಾರಾಗಿ ರೂಪಿಸಿದರು. ಕೋಣೆಯ ಒಂದು ಗೋಡೆಗೆ ಶಬ್ದವನ್ನು ಹೀರುವ ಹೊದಿಕೆಯನ್ನು ಕೊಟ್ಟರು. ಹೀರುವಿಕೆಯ ಈ ಶಾಸ್ತ್ರಕ್ಕೆ ತಳಹದಿ ಹಾಕಿದವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿಯ ಹೊಸ ಉಪನ್ಯಾಸಮಂದಿರವೊಂದರಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳ ಕಾಲ ಮೊಳಗುತ್ತ ಉಳಿದು ಏನೊಂದೂ ತಿಳಿಯದಂತಾದಾಗ, ಅವರು ರಾತ್ರಿಯ ನೀರವದಲ್ಲಿ ಬೇರೊಂದು ಸಭಾಂಗಣದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಹರಡಿ ಹರಡಿ ಅಳೆದು, ಮೊಳಗಿನ ಅವಧಿಯು ಕೋಣೆಯ ಘನಗಾತ್ರಕ್ಕೆ ಅನುಲೋಮವಾಗಿಯೂ ಅದರೊಳಗಿನ ಹೀರುವ ಮೈಗಳ ಮೊತ್ತಕ್ಕೆ ವಿಲೋಮವಾಗಿಯೂ ಇರುವುದೆಂಬ ನಿಯಮವನ್ನು ಕಂಡರು. ಇಂದು ನಮ್ಮ ಮನೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ನೆಲಕ್ಕೆ ಹೊಳಪಿನ ಟೈಲು, ಗೋಡೆಗೆ ನುಣ್ಣನೆಯ ಪುಟ್ಟಿ, ಕಿಟಕಿಗೆ ಗಾಜು. ಹೀರುವುದು ಯಾವುದೂ ಇಲ್ಲ. ವಾರ್ಡಿನಲ್ಲಿ ರಾತ್ರಿಯ ಸರಾಸರಿ ಶಬ್ದ 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿಯೇ ಸೂಚಿಸಿತು. ಅದು ಪಿಸುಮಾತಿನ ಮಟ್ಟ. ನಮ್ಮ ವಾರ್ಡುಗಳನ್ನು ಬಲ್ಲವರು ಉಳಿದುದನ್ನು ಊಹಿಸಿಕೊಳ್ಳಬಲ್ಲರು.

ಪೀಠೋಪಕರಣಗಳ ವಿಷಯವೂ ಹೀಗೆಯೇ ದೇಹದಿಂದ ಹೊರಟು ನಿರ್ಣಯವಾಯಿತು. ಆ ಕಾಲದ ಯೂರೋಪಿನಲ್ಲಿ ಉಕ್ಕಿನ ಕೊಳವೆಗಳಿಂದ ಮಾಡಿದ ಕುರ್ಚಿ ನವೀನತೆಯ ಲಾಂಛನವೆನಿಸಿತ್ತು. ಆಲ್ಟೊ ಅವರಿಗೂ ಅದರಲ್ಲಿ ಆಸಕ್ತಿಯಿತ್ತು. ಆದರೆ ಉಕ್ಕು ಶಾಖದ ಉತ್ತಮ ವಾಹಕವಾದುದರಿಂದ ಮುಟ್ಟಿದೊಡನೆ ಮೈಯ ಶಾಖವನ್ನು ಸೆಳೆದುಕೊಳ್ಳುವುದು, ಬೆಳಕನ್ನು ಕಣ್ಣಿಗೆ ಎರಚುವುದು, ಸದ್ದು ಮಾಡುವುದು. ಅವರು ತಮ್ಮ ನಾಡಿನ ಭೂರ್ಜ ಮರದ ತೆಳುಪದರಗಳನ್ನು ಅಂಟಿಸಿ ಬಾಗಿಸಿ, ಒರಗಿಕೊಂಡಾಗ ಎದೆ ಹಿಗ್ಗಿ ಉಸಿರಾಟ ಸುಲಭವಾಗುವಂತಹ ಕೋನದಲ್ಲಿ ಬೆನ್ನಿನಾಸರೆಯನ್ನಿರಿಸಿದ ಕುರ್ಚಿಯನ್ನು ನಿರ್ಮಿಸಿದರು. ಅದು ಇಂದಿಗೂ ತಯಾರಾಗುತ್ತಿದೆ, ವಸ್ತುಸಂಗ್ರಹಾಲಯಗಳಲ್ಲಿಯೂ ಇದೆ. ಅದನ್ನು ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಅದು ಕ್ಷಯರೋಗಿಯ ಶ್ವಾಸಕೋಶಕ್ಕಾಗಿ ಬಾಗಿದ ಮರವೆಂದು ನೆನಪಿರುವುದೋ!

ಇಷ್ಟಾದರೂ ಪ್ರಾಮಾಣಿಕನಾದ ಓದುಗನು ಕೇಳಬೇಕಾದ ಪ್ರಶ್ನೆಯೊಂದಿದೆ: ಹಸಿರು ಚಾವಣಿಯಿಂದ ಕ್ಷಯ ವಾಸಿಯಾಯಿತೆ? ಆಗಲಿಲ್ಲ. ಕ್ಷಯವನ್ನು ಮಣಿಸಿದುದು 1943ರಲ್ಲಿ ದೊರೆತ ಸ್ಟ್ರೆಪ್ಟೊಮೈಸಿನ್ನೂ ಅದರ ಹಿಂದೆಯೇ ಬಂದ ಇತರ ಔಷಧಗಳೂ. ಅವು ಬಂದ ಕೆಲವೇ ವರ್ಷಗಳಲ್ಲಿ ಲೋಕದ ಆರೋಗ್ಯಧಾಮಗಳು ಬರಿದಾದುವು, ಪೈಮಿಯೊ ಕೂಡ ಸಾಮಾನ್ಯ ಆಸ್ಪತ್ರೆಯಾಗಿ ಮಾರ್ಪಟ್ಟಿತು. ಕೋಣೆಯ ವಿನ್ಯಾಸಕ್ಕೆ ಔಷಧದ ಮಹಿಮೆಯನ್ನು ಆರೋಪಿಸುವವರು ಇಂದು ಬಹಳವಿದ್ದಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ರೋಗವನ್ನು ಗಂಟುಹಾಕುವ ಪುಸ್ತಕಗಳಿಗೂ ಕೊರತೆಯಿಲ್ಲ. ಅವನ್ನು ನಾವು ದೂರವಿಡಬೇಕು. ಆದರೆ ರೋಗಾಣುವನ್ನು ಕೊಲ್ಲದ ಕೋಣೆ ರೋಗಿಗೆ ಏನನ್ನೂ ಮಾಡದೆಂದು ಹೇಳುವುದೂ ತಪ್ಪಾಗುತ್ತದೆ. ಗುಣಹೊಂದುವುದೆಂಬುದರಲ್ಲಿ ನಿದ್ರೆಯಿದೆ, ನೋವಿನ ಸಹನೆಯಿದೆ, ಹಸಿವೆಯಿದೆ, ಭಯದ ಶಮನವಿದೆ, ಇವುಗಳನ್ನು ಅಳೆಯಬಹುದು.

ಅಳೆದು ತೋರಿಸಿದವರಲ್ಲಿ ಪ್ರಸಿದ್ಧರಾದವರು ಅಮೆರಿಕದ ರೋಜರ್ ಉಲ್ರಿಕ್. ಹದಿಹರೆಯದಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ದೀರ್ಘಕಾಲ ಹಾಸಿಗೆ ಹಿಡಿದಿದ್ದ ಅವರಿಗೆ, ಆಗ ಕಿಟಕಿಯಾಚೆ ಕಾಣುತ್ತಿದ್ದ ಪೈನ್ ಮರವೊಂದು ಆಸರೆಯಾಗಿತ್ತಂತೆ. ಮುಂದೆ ವಿದ್ವಾಂಸರಾದಾಗ ಅವರು ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ತೆಗೆದು ನೋಡಿದರು. ಆ ಆಸ್ಪತ್ರೆಯ ಕೆಲವು ಕೋಣೆಗಳ ಕಿಟಕಿಯಿಂದ ಮರಗಳ ಚಿಕ್ಕ ತೋಪು ಕಾಣುತ್ತಿತ್ತು, ಇನ್ನು ಕೆಲವದರಿಂದ ಕಂದು ಇಟ್ಟಿಗೆಯ ಗೋಡೆ. ಉಳಿದಂತೆ ಕೋಣೆಗಳು ಒಂದೇ ತೆರನಾದುವು, ದಾದಿಯರೂ ಅವರೇ. ಮರಗಳಲ್ಲಿ ಎಲೆಗಳಿರುವ ಮೇ ತಿಂಗಳಿಂದ ಅಕ್ಟೋಬರಿನವರೆಗಿನ ರೋಗಿಗಳನ್ನು ಮಾತ್ರ ಆಯ್ದು, ವಯಸ್ಸು, ಲಿಂಗ, ಧೂಮಪಾನ, ಸ್ಥೂಲಕಾಯ, ಹಿಂದಿನ ಕಾಯಿಲೆ, ಕೋಣೆಯ ಬಣ್ಣ ಮುಂತಾದುವುಗಳಲ್ಲಿ ಪರಸ್ಪರ ಹೊಂದುವಂತೆ 23 ಜೋಡಿಗಳನ್ನು ಮಾಡಿದರು: ಪ್ರತಿ ಜೋಡಿಯಲ್ಲಿ ಮರ ಕಂಡವರೊಬ್ಬರು, ಗೋಡೆ ಕಂಡವರೊಬ್ಬರು. ಮರ ಕಂಡವರು ಶಸ್ತ್ರಚಿಕಿತ್ಸೆಯ ಅನಂತರ ಸರಾಸರಿ 7.96 ದಿನಗಳಲ್ಲಿ ಮನೆಗೆ ಮರಳಿದರೆ, ಗೋಡೆ ಕಂಡವರು 8.70 ದಿನ ಉಳಿದರು. ರೋಗಿ ಅಳುತ್ತಿದ್ದಾನೆ, ಕಳವಳಗೊಂಡಿದ್ದಾನೆ ಎಂಬಂತಹ ದಾದಿಯರ ಟಿಪ್ಪಣಿಗಳು ಗೋಡೆಯವರ ಬಗೆಗೆ ಬಹಳ ಹೆಚ್ಚಾಗಿದ್ದುವು. ಮತ್ತು ಶಸ್ತ್ರಚಿಕಿತ್ಸೆಯ ಎರಡನೆಯ ದಿನದಿಂದ ಐದನೆಯ ದಿನದವರೆಗೆ ಅವರು ಬೇಡಿದ ಪ್ರಬಲವಾದ ನೋವುನಿವಾರಕಗಳ ಪ್ರಮಾಣವೂ ಹೆಚ್ಚಾಗಿತ್ತು. 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಪುಟ್ಟ ಲೇಖನ ಆಸ್ಪತ್ರೆಗಳ ವಿನ್ಯಾಸದ ಚರ್ಚೆಯ ಧಾಟಿಯನ್ನೇ ಬದಲಿಸಿತು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. 46 ಜನರು ಕಡಿಮೆ ಸಂಖ್ಯೆಯೇ ಸರಿ; ಒಂದೇ ಆಸ್ಪತ್ರೆ, ಒಂದೇ ಶಸ್ತ್ರಚಿಕಿತ್ಸೆ. ಬೋಳು ಗೋಡೆಗಿಂತ ಮರ ಲೇಸೆಂದು ತೋರಿತೇ ಹೊರತು, ಜನಸಂಚಾರವುಳ್ಳ ಬೀದಿಗಿಂತ ಮರ ಲೇಸೆಂದು ತೋರಲಿಲ್ಲ. ಏಕತಾನತೆಯಿಂದ ಬಳಲುವ ದೀರ್ಘಕಾಲದ ರೋಗಿಗೆ ಚಟುವಟಿಕೆಯ ನೋಟವೇ ಹೆಚ್ಚು ಹಿತವಾಗಬಹುದೆಂದು ಉಲ್ರಿಕ್ ಅವರೇ ಸೂಚಿಸಿದ್ದರು. ನಮ್ಮ ಹಿರಿಯರಲ್ಲಿ ಅನೇಕರಿಗೆ ಹಿತ್ತಲಿನ ತೆಂಗಿನ ಗಿಡಕ್ಕಿಂತ ಜಗಲಿಯ ಮುಂದಿನ ದಾರಿಹೋಕರೇ ಪ್ರಿಯವೆಂಬುದನ್ನು ಕಂಡವರಿಗೆ ಈ ಮಾತು ಆಶ್ಚರ್ಯವನ್ನುಂಟುಮಾಡುವುದಿಲ್ಲ.

ಕಿಟಕಿಯ ಮಹತ್ತ್ವ ಅದರಾಚೆಯ ನೋಟದಲ್ಲಿ ಮಾತ್ರವಲ್ಲ, ಅದರಿಂದ ಇಳಿದುಬರುವ ಬೆಳಕಿನಲ್ಲಿಯೂ ಇದೆಯೆಂಬುದಕ್ಕೆ ದೃಢವಾದ ಶಾರೀರಿಕ ಆಧಾರ ದೊರೆತುದು ತೀರ ಈಚೆಗೆ. ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವುವು ಎರಡೇ ಬಗೆಯ ಕೋಶಗಳೆಂದು, ದಂಡಕೋಶಗಳೂ ಶಂಕುಕೋಶಗಳೂ ಮಾತ್ರವೆಂದು, ನೂರು ವರ್ಷಕ್ಕೂ ಹೆಚ್ಚು ಕಾಲ ನಂಬಲಾಗಿತ್ತು. 1998ರಲ್ಲಿ ಕಪ್ಪೆಯ ಚರ್ಮದ ಬೆಳಕುಸೂಕ್ಷ್ಮ ಕೋಶಗಳಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಗೋಚರಿಸಿತು. 2002ರಲ್ಲಿ ಬ್ರೌನ್ ವಿಶ್ವವಿದ್ಯಾನಿಲಯದ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ಸಸ್ತನಿಗಳ ಅಕ್ಷಿಪಟಲದಲ್ಲಿ ತಾವಾಗಿಯೇ ಬೆಳಕಿಗೆ ಸ್ಪಂದಿಸುವ ಮೂರನೆಯ ಬಗೆಯ ಕೋಶಗಳಿರುವುದನ್ನು ತೋರಿಸಿದರು. ಸುಮಾರು 480 ನ್ಯಾನೊಮೀಟರ್ ಅಲೆಯುದ್ದದ, ಅಂದರೆ ನಿರಭ್ರವಾದ ಆಕಾಶದ ನೀಲಿಗೆ ಹತ್ತಿರವಾದ ಬೆಳಕಿಗೆ ಹೆಚ್ಚಾಗಿ ಸ್ಪಂದಿಸುವ ಈ ಕೋಶಗಳು ಮೆದುಳಿನ ಬುಡದಲ್ಲಿರುವ ದಿನಚರಿಯ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. ಆ ಗಡಿಯಾರ ನಿದ್ರೆ, ದೇಹೋಷ್ಣತೆ, ಹಸಿವೆ, ರಸದೂತಗಳ ಏರಿಳಿತ ಇವನ್ನೆಲ್ಲ ನಿಯಂತ್ರಿಸುತ್ತದೆ. ಬಟ್ಟಬಯಲಿನ ಬಿಸಿಲು ಸುಮಾರು 1,00,000 ಲಕ್ಸ್. ಮೋಡ ಕವಿದ ದಿನವೂ ಹೊರಗೆ ಕೆಲವು ಸಾವಿರ ಲಕ್ಸ್ ಇರುವುದುಂಟು. ಕಿಟಕಿಯಿಂದ ದೂರವಾದ ಕೋಣೆಯ ಮೂಲೆಯಲ್ಲಿ ನೂರು ಇನ್ನೂರು ಲಕ್ಸ್ ಸಿಕ್ಕಿದರೆ ಹೆಚ್ಚು. ಕಣ್ಣು ಈ ಅಂತರವನ್ನು ಹೊಂದಾಣಿಕೆಯಿಂದ ಮರೆಮಾಚುವುದು, ಅಂತೆಯೇ ನಮಗೆ ಅದು ಅರಿವಾಗುವುದಿಲ್ಲ. ಗಡಿಯಾರಕ್ಕೆ ಮಾತ್ರ ಹಗಲೇ ಆಗಿರುವುದಿಲ್ಲ. ಅದೇ ಕೋಣೆಯಲ್ಲಿ ರಾತ್ರಿ ಹನ್ನೊಂದರವರೆಗೆ ನೀಲಿಛಾಯೆಯ ಬಿಳಿ ದೀಪ ಉರಿದರೆ ಅದಕ್ಕೆ ಇರುಳೂ ಆಗುವುದಿಲ್ಲ.

ಕಿಟಕಿಯೇ ಇಲ್ಲದ ತೀವ್ರನಿಗಾ ಘಟಕದಲ್ಲಿದ್ದ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಮತಿಭ್ರಮೆ, ಕಿಟಕಿಯುಳ್ಳ ಘಟಕದವರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ ಕಂಡುಬಂದಿತೆಂದು 1972ರಷ್ಟು ಹಿಂದೆಯೇ ವರದಿಯಾಗಿತ್ತು. ಅನಂತರದ ಶೋಧನೆಗಳೆಲ್ಲವೂ ಅಷ್ಟೇ ಸ್ಪಷ್ಟವಾದ ಫಲವನ್ನು ಕೊಡಲಿಲ್ಲವಾದರೂ, ಹಗಲಿರುಳುಗಳ ಭೇದವನ್ನು ರೋಗಿಗೆ ಉಳಿಸಿಕೊಡಬೇಕೆಂಬುದನ್ನು ಇಂದು ವೈದ್ಯರೇ ಆಗ್ರಹಪಡಿಸುತ್ತಾರೆ. ಕಷ್ಟವಿರುವುದು ರಾತ್ರಿಯಲ್ಲಿ. ದಾದಿಗೆ ಔಷಧದ ಹೆಸರನ್ನು ಓದಲು, ಸೂಜಿಗೆ ನರವನ್ನು ಹುಡುಕಲು ಬೆಳಕು ಬೇಕು. ರೋಗಿಗೆ ಕತ್ತಲೆ ಬೇಕು. ಮನೆಯಲ್ಲಿಯಾದರೂ ಇದೇ ಇಕ್ಕಟ್ಟು: ವಯಸ್ಸಾದ ತಂದೆತಾಯಿಗಳು ಇರುಳಿನಲ್ಲಿ ಎರಡು ಮೂರು ಸಲ ಬಚ್ಚಲಿಗೆ ಏಳುವಾಗ, ಒಂದೇ ಸ್ವಿಚ್ಚನ್ನು ಒತ್ತಿದರೆ ಚಾವಣಿಯ ದೀಪ ಕಣ್ಣಿಗೆ ಬಡಿದು ನಿದ್ದೆಯನ್ನೋಡಿಸುವುದು, ಒತ್ತದೆ ಹೋದರೆ ಕತ್ತಲೆಯಲ್ಲಿ ಕಾಲು ಜಾರುವ ಭಯ. ಕೆಂಪು ಹಳದಿ ಛಾಯೆಯ ಮಂದವಾದ ಬೆಳಕು ಆ ಮೂರನೆಯ ಕೋಶಗಳನ್ನು ಹೆಚ್ಚಾಗಿ ಕೆರಳಿಸದೆ ದಾರಿಯನ್ನು ತೋರಿಸಬಲ್ಲುದು. ಅದನ್ನು ನೆಲದಿಂದ ಒಂದಡಿಯೊಳಗಾಗಿ, ಮಂಚದಿಂದ ಬಚ್ಚಲಿನ ಬಾಗಿಲವರೆಗೆ, ಮಲಗಿದವರ ಕಣ್ಣಿಗೆ ನೇರವಾಗಿ ಬೀಳದಂತೆ ಹಾಕಿಸಿ, ಅದರ ಸ್ವಿಚ್ಚನ್ನು ಪ್ರತ್ಯೇಕವಾಗಿ, ಮಲಗಿದಲ್ಲಿಂದಲೇ ಕೈಗೆಟುಕುವ ಎತ್ತರದಲ್ಲಿ ಇರಿಸಿದರೆ ಸಾಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಆದರೆ ತಂತಿಯ ಕೊಳವೆಗಳನ್ನು ಗೋಡೆಯಲ್ಲಿ ಹುದುಗಿಸುವ ಮೊದಲೇ, ಗಾರೆ ಬೀಳುವುದಕ್ಕೆ ಮುಂಚೆಯೇ, ಮಂಚ ಎಲ್ಲಿ ಬರುವುದು, ಅದರ ಮೇಲೆ ಮಲಗಿದವರ ತಲೆ ಯಾವ ಕಡೆಗಿರುವುದು ಎಂಬುದನ್ನು ಮನೆಯವರು ತೀರ್ಮಾನಿಸಿ ವಿದ್ಯುತ್ ಕೆಲಸದವನಿಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತುಹಾಕಿ ತೋರಿಸಬೇಕು.